‘ನಾ’ ನುಂಗಿದ ಹಾಡು

೪ ಜೂನ್ ೧೯೮೯

ಪ್ರೀತಿಯ ಅಕ್ಕ,

ಕೂತುಕೊಂಡು ಓದು. ನಿಂತು ಓದಿ ಬಿದ್ದುಗಿದ್ದರೆ ನಿನ್ನ ಆಸ್ಪತ್ರೆಯ ಬಟ್ಟೆ ಒಗೆಯುವವರು ಯಾರು? ನನ್ನ ಹಾಡು ಸಿನಿಮಾಕ್ಕೆ ಹೋಯಿತು ಕಣೇ! ಮಾತೂ ನನ್ನದೇ, ಧಾಟಿಯೂ ನನ್ನದೇ.

ಹನ್ನೆರಡು ವರ್ಷದಿಂದ ಈ ಊರಿನ ಸ್ಟುಡಿಯೋಗಳಲ್ಲಿ ಕೋರಸ್ಸಿನ ಹಿಂದಿನ ಸಾಲಿನಲ್ಲಿ ನಿಂತು ‘ಆ’ ‘ಓ’ ಅಂದಿದ್ದೇ ಅಂದಿದ್ದು. ಹೋದ ತಿಂಗಳು ಯಾರದೋ ಪಿಟೀಲಿನ ತಂತಿ ಹರಿಯಿತು, ಎಲ್ಲರೂ ಕಾಯುತ್ತಾ ಕೂತಿದ್ದರು. ನಾನು ಸುಮ್ಮನಿರಲಾರದೆ ನನ್ನ ಹಾಡೊಂದನ್ನು ಗುನುಗುತ್ತಿದ್ದೆ. ಸಂಗೀತ ನಿರ್ದೇಶಕರು ತಿರುಗಿ ನೋಡಿ, “ಯಾವುದಮ್ಮ ಅದು?” ಅಂದರು. “ನಂದೇ ಸಾರ್.” “ನಿಂದಾ? ಇನ್ನೊಂದ್ಸಲ ಹಾಡು.” ಮೂರು ಸಲ ಹಾಡಿಸಿದರು. ಮೊನ್ನೆ ಶುಕ್ರವಾರ ಗಾಜಿನ ಕೋಣೆಯೊಳಗೆ ಒಬ್ಬಳೇ ನಿಂತು, ಹದಿನಾಲ್ಕು ಪಿಟೀಲಿನ ಜೊತೆ ಹಾಡಿದೆ. ರೆಕಾರ್ಡ್ ಮಾಡುವ ದಪ್ಪ ಕನ್ನಡಕದವರು ಯಾರನ್ನೂ ಹೊಗಳುವವರಲ್ಲ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಯಾವ ಹಾಡು ಅಂತ ನಿನಗೊಬ್ಬಳಿಗೇ ಹೇಳುತ್ತೇನೆ. ನಾನು ಮನೆ ಬಿಟ್ಟ ದಿನ ಅಮ್ಮ, “ಹಾಡ್ಕೊಂಡು ತಿರುಗೋಳಿಗೆ ಇಲ್ಲಿ ಜಾಗ ಇಲ್ಲ, ಹೋದ್ರೆ ತಿರುಗಿ ಬರಬೇಡ” ಅಂದಳಲ್ಲ, ನಾನೂ “ಬರಲ್ಲ” ಅಂದೆನಲ್ಲ, ಅದೇ. ‘ಬಾಗಿಲು ತೆರೆದೇ ಇದೆ, ದೀಪ ಉರಿದೇ ಇದೆ, ಅಮ್ಮಾ ನಾ ಬಾರೆ.’ ಅಮ್ಮನಿಗೆ ಅರ್ಥ ಗಿರ್ಥ ಬಿಡಿಸಿ ಹೇಳಲು ಹೋಗಬೇಡ. ನನ್ನ ಬಾಯಿಂದಲೇ ಕೇಳಲಿ. ಒಂದು ಸಲ, ನನ್ನ ಮಾತು ನನ್ನ ದನಿಯಲ್ಲಿ ಅವಳ ಕಿವಿಗೆ ಬೀಳಬೇಕು. ಇದಕ್ಕಿಂತ ದೊಡ್ಡ ಆಸೆ ನನಗೆ ಯಾವತ್ತೂ ಇರಲಿಲ್ಲ.

ಗಂಟಲು ಸ್ವಲ್ಪ ಕಟ್ಟಿದೆ. ಕೆಳಗೆ ಹಾಸಿಗೆ ಹೊಲಿಯುವವನ ಅಂಗಡಿ. ಅವನು ಹತ್ತಿ ಹಿಂಜಿದರೆ ನನ್ನ ಕೋಣೆಯೆಲ್ಲ ಧೂಳು.

ನಿನ್ನ,
ತುತ್ತೂರಿ


೨೦ ಜೂನ್ ೧೯೮೯

ತುತ್ತೂರಿ,

ಕೂತುಕೊಂಡೇ ಓದಿದೆ. ಒಗೆಯುವ ಬಟ್ಟೆಯ ಗಂಟಿನ ಮೇಲೆ! ಓದಿ ಮುಗಿಸಿ ಹಾಕಿದ ಕೂಗಿಗೆ, ಇಸ್ತ್ರಿ ಮಾಡುವವಳು ನಾನು ಕೈ ಸುಟ್ಟುಕೊಂಡೆ ಅಂದುಕೊಂಡು ಒಂದು ಚೊಂಬು ನೀರು ತಂದು ಸುರಿದಳು. ಒದ್ದೆ ಸೀರೆಯಲ್ಲೇ ಸಂಜೆತನಕ ಹೊದಿಕೆ ಮಡಿಸಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಮ್ಮ ಹಿತ್ತಲ ಗಿಡಕ್ಕೂ ಒಂದು ಕಾಲ ಬಂತು ನೋಡು.

ಅಮ್ಮನಿಗೆ ಹೇಳಿದೆ. “ನಿನ್ನ ಮಗಳ ಹಾಡು ಸಿನಿಮಾದಲ್ಲಿ ಬರುತ್ತಂತೆ.” “ಯಾವ ಮಗಳು?” ಅಂದಳು. “ಎಷ್ಟು ಜನ ಇದ್ದೀವಿ ನಿಂಗೆ?” ಅಂದೆ. ಗೋಡೆ ಕಡೆ ತಿರುಗಿಕೊಂಡಳು. ಆ ಕಡೆ ತಿರುಗಿಕೊಂಡೇ, “ರೇಡಿಯೋದಲ್ಲೂ ಬರುತ್ತಾ?” ಅಂದಳು. ಅಷ್ಟೇ. ಅವಳ ಜಂಬ ನಿನಗೆ ಗೊತ್ತಲ್ಲ, ನಿನಗೂ ಅದೇ ಬಂದಿದೆ.

ಅವಳ ಕಣ್ಣು ಪೂರ್ತಿ ಮಂಜಾಗಿದೆ. ಎದುರಿಗೆ ನಿಂತವರ ಗುರುತು ಸಿಗುವುದಿಲ್ಲ. ಕಿವಿ ಮಾತ್ರ ಹಾವಿನ ಕಿವಿ. ಉಳಿದಂತೆ ಚೆನ್ನಾಗಿದ್ದಾಳೆ, ನೀನು ಚಿಂತೆ ಮಾಡಬೇಡ. ಕೆಲಸದ ಮಧ್ಯೆ ನಾಲ್ಕು ಸಲ ಹೋಗಿ ನೋಡಿಕೊಂಡು ಬರುತ್ತೇನೆ.

ಗಂಟಲನ್ನು ಯಾರಿಗಾದರೂ ತೋರಿಸು. ಹಾಡುವವಳ ಗಂಟಲು, ಉದಾಸೀನ ಮಾಡಬೇಡ.

ಅಕ್ಕ


೧೧ ಅಕ್ಟೋಬರ್ ೧೯೮೯

ಏನೇ ತುತ್ತೂರಿ,

ಮೂರು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ದೊಡ್ಡ ಗಾಯಕಿಯಾದ ಮೇಲೆ ಬಟ್ಟೆ ಒಗೆಯುವ ಅಕ್ಕ ಕಣ್ಣಿಗೆ ಕಾಣುವುದಿಲ್ಲವೋ? ಹೋಗಲಿ ಬಿಡು, ಜಗಳ ಆಮೇಲೆ ಆಡೋಣ.

ಬಂತು ಕಣೇ! ನಿನ್ನ ಹಾಡು ಬಂತು! ಮಂಗಳವಾರ ಬೆಳಿಗ್ಗೆ ರೇಡಿಯೋದಲ್ಲಿ. ನಾನು ಅಮ್ಮನ ತಲೆ ಬಾಚುತ್ತಿದ್ದೆ. ನಿಜ ಹೇಳುತ್ತೇನೆ, ಮೊದಲ ಸಾಲಿನಲ್ಲಿ ನನಗೆ ನಿನ್ನ ಗುರುತೇ ಸಿಗಲಿಲ್ಲ. ಎಷ್ಟು ನಯವಾಗಿದೆ ನಿನ್ನ ದನಿ ಈಗ! ಮೊದಲು ಸ್ವಲ್ಪ ಒರಟಿತ್ತು, ನಾನೇ ಆಡಿಕೊಳ್ಳುತ್ತಿದ್ದೆ. ಅಮ್ಮ ಬಾಚಣಿಗೆ ಹಿಡಿದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಡು ಮುಗಿಯುವವರೆಗೂ ಬಿಡಲಿಲ್ಲ. ಆಮೇಲೆ ಅಂದಳು: “ಕರೀತಿದ್ದಾಳೆ ಕಣೇ. ಅಮ್ಮಾ ಬಾರೇ ಅಂತಿದ್ದಾಳೆ. ಬಾಗಿಲು ತೆರೆದಿಟ್ಟು, ದೀಪ ಹಚ್ಚಿಟ್ಟು ಕರೀತಿದ್ದಾಳೆ. ಹೋಗೋಣ ನಡಿ.”

ಹನ್ನೆರಡು ವರ್ಷದಲ್ಲಿ ಅವಳು ಅತ್ತಿದ್ದು ನಾನು ನೋಡಿರಲಿಲ್ಲ. ಅವತ್ತು ಅತ್ತಳು. “ನಾನು ಬಾಯಿಗೆ ಬಂದಂಗೆ ಅಂದುಬಿಟ್ಟೆ, ಹುಡುಗಿ ಹೊಟ್ಟೆಗೆ ಹಾಕ್ಕೊಂಡಳು” ಅಂದಳು. ಎರಡು ಸೀರೆ, ಕನ್ನಡಿ, ಬಾಚಣಿಗೆ ಎಲ್ಲ ಒಂದು ಚೀಲಕ್ಕೆ ತುಂಬಿಸಿಕೊಂಡು ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ. ಕನ್ನಡಿ ಯಾತಕ್ಕಮ್ಮ ನಿಂಗೆ ಅಂದರೆ, “ಅವಳಿಗೆ” ಅಂತಾಳೆ.

ಯಾವಾಗ ಬರೋಣ, ಬರಿ. ನೀನು ಅವಳನ್ನು ಕರೆಯುತ್ತೀಯ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕ


೧೯ ಅಕ್ಟೋಬರ್ ೧೯೮೯

ಅಕ್ಕ,

ಅದು ನನ್ನ ದನಿ ಅಲ್ಲ.

ನಾಲ್ಕು ತಿಂಗಳು ಬರೆಯದೇ ಇದ್ದದ್ದು ಇದಕ್ಕೇ. ನಮ್ಮಲ್ಲಿ ಟ್ರ್ಯಾಕ್ ಹಾಡುವುದು ಅಂತ ಒಂದು ಕೆಲಸವಿದೆ. ದೊಡ್ಡ ಗಾಯಕಿಗೆ ಪುರುಸೊತ್ತು ಇರುವುದಿಲ್ಲ. ನಮ್ಮಂಥವರು ಮೊದಲು ಹಾಡಿಡುತ್ತೇವೆ. ಅವರು ಬಿಡುವಾದಾಗ ಬಂದು, ನಮ್ಮದನ್ನು ಕೇಳಿ ಕಲಿತು, ಅದೇ ಜಾಗದಲ್ಲಿ ತಮ್ಮ ದನಿ ತುಂಬಿ ಹೋಗುತ್ತಾರೆ. ಆಮೇಲೆ ನಮ್ಮದನ್ನು ಒರೆಸಿಬಿಡುತ್ತಾರೆ. ಮನೆ ಕಟ್ಟಿದ ಮೇಲೆ ಸಾರುವೆ ಬಿಚ್ಚುವುದಿಲ್ಲವೇ, ಹಾಗೆ. ನಾನು ಹಾಡಿದ್ದೂ ಟ್ರ್ಯಾಕೇ. ಆದರೆ ಈ ಸಲ ಸಂಗೀತ ನಿರ್ದೇಶಕರು, “ನಿಂದೇ ಉಳಿಸಿದ್ರೂ ಉಳಿಸಬಹುದು, ನೋಡೋಣ” ಅಂದಿದ್ದರು. ಆ ‘ನೋಡೋಣ’ವನ್ನು ಹಿಡಿದುಕೊಂಡು ನಿನಗೆ ಅಷ್ಟುದ್ದ ಬರೆದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜುಲೈಯಲ್ಲಿ ದೊಡ್ಡ ಗಾಯಕಿ ಬಂದರು. ಕೆಟ್ಟವರಲ್ಲ, ನನ್ನ ಬೆನ್ನು ತಟ್ಟಿದರು. ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ತಮ್ಮ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ‘ಅಮ್ಮಾ’ದಲ್ಲಿ ಉಸಿರು ಮುಗಿದು ‘ನಾ’ ನುಂಗಿಬಿಟ್ಟರು. ‘ಬಾರೆ’ಯನ್ನು ಎಳೆದು ‘ಬಾರೇ’ ಮಾಡಿದರು. ಬರಲಾರೆ ಅಂದವಳು ಬಾ ಅಂತ ಕರೆಯುವವಳಾದಳು! ಗಾಜಿನ ಈಚೆ ನಾನು ಕೈಯೆತ್ತಿದೆ. ಸಂಗೀತ ನಿರ್ದೇಶಕರು, “ಇದೇ ಚೆನ್ನಾಗಿದೆ, ಇರಲಿ ಬಿಡಮ್ಮ” ಅಂದರು. ಅಲ್ಲಿದ್ದವರಲ್ಲಿ ಒಬ್ಬರಿಗೂ ವ್ಯತ್ಯಾಸ ಕೇಳಿಸಲಿಲ್ಲ.

ಕ್ಯಾಸೆಟ್ಟಿನ ಮೇಲೆ ನನ್ನ ಹೆಸರಾದರೂ ಇರುತ್ತದೆ ಅಂದುಕೊಂಡೆ. ‘ಸಾಹಿತ್ಯ: ಜನಪದ’ ಅಂತ ಅಚ್ಚು ಹಾಕಿದ್ದಾರೆ. ನೋಡಿದೆಯಾ, ಬದುಕಿರುವಾಗಲೇ ಜನಪದ ಆಗಿಬಿಟ್ಟೆ. ನಗು, ಪರವಾಗಿಲ್ಲ, ನಾನೂ ನಕ್ಕೆ.

ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳು. ದನಿ ನನ್ನದಲ್ಲ, ಮಾತೂ ನಾನು ಹೇಳಿದ ಮಾತಲ್ಲ ಅನ್ನು. ಬೇರೆಯವರ ಗಂಟಲಿಗೆ ಸಿಕ್ಕ ಪ್ರೀತಿ ನನಗೆ ಬೇಡ. ಚೀಲ ಬಿಚ್ಚಿಸು.

ತುತ್ತೂರಿ


೨ ನವೆಂಬರ್ ೧೯೮೯

ತಂಗಿ,

ಹೇಳಲಿಲ್ಲ. ನನ್ನ ಕೈಲಾಗಲಿಲ್ಲ. ಬೈಯುವುದಾದರೆ ಬೈದುಬಿಡು.

ನೀನು ಒಂದು ಮುಚ್ಚಿಟ್ಟಿದ್ದೆ, ನಾನೂ ಒಂದು ಮುಚ್ಚಿಟ್ಟಿದ್ದೇನೆ. ಅಮ್ಮ ಮಾರ್ಚಿಯಿಂದ ಮನೆಯಲ್ಲಿಲ್ಲ, ನನ್ನ ಆಸ್ಪತ್ರೆಯಲ್ಲೇ ಹೆಂಗಸರ ವಾರ್ಡಿನಲ್ಲಿದ್ದಾಳೆ. ಹೃದಯ ರಕ್ತ ಸರಿಯಾಗಿ ತಳ್ಳುತ್ತಿಲ್ಲವಂತೆ, ನೀರು ತುಂಬಿ ಕಾಲು ಊದಿಕೊಂಡಿವೆ. ಅವಳ ಹಾಸಿಗೆಯ ಹೊದಿಕೆಯನ್ನು ನಾನೇ ಬೇರೆಯಾಗಿ ಒಗೆಯುತ್ತೇನೆ. ಕೆಲಸದ ಮಧ್ಯೆ ನಾಲ್ಕು ಸಲ ಹೋಗಿ ನೋಡುತ್ತೇನೆ ಅಂತ ಬರೆದಿದ್ದೆನಲ್ಲ, ಅದು ಹೇಗೆ ಸಾಧ್ಯ ಅಂತ ನಿನಗೆ ಹೊಳೆಯಲಿಲ್ಲ. ಹೊಳೆಯದಿದ್ದರೆ ಒಳ್ಳೆಯದೇ ಅಂತ ಸುಮ್ಮನಾದೆ. ನೀನು ಓಡಿಬಂದು ಇರುವ ಕೆಲಸವನ್ನೂ ಕಳೆದುಕೊಂಡರೆ ಅನ್ನುವ ಭಯ.

ಆ ಹಾಡು ಕೇಳುವ ಮೊದಲು ಅವಳು ಮೂರು ವಾರ ಅನ್ನ ಮುಟ್ಟಿರಲಿಲ್ಲ. ಈಗ ತಿನ್ನುತ್ತಾಳೆ. “ಮಗಳ ಊರಿಗೆ ಹೋಗೋಕೆ ಕಾಲಲ್ಲಿ ಬಲ ಬೇಡ್ವಾ” ಅಂತಾಳೆ. ವಾರ್ಡಿನ ನರ್ಸಿನ ಹತ್ತಿರ ರೇಡಿಯೋ, ಟೇಪು ಎರಡೂ ಇರುವ ಪೆಟ್ಟಿಗೆ ಇದೆ. ಹಾಡು ಬಂದ ಕೂಡಲೇ ನರ್ಸು ಅದನ್ನು ಅಮ್ಮನ ಕಿವಿ ಹತ್ತಿರ ತಂದಿಡುತ್ತಾಳೆ. ಪಕ್ಕದ ಹಾಸಿಗೆಯವರಿಗೆಲ್ಲ ಅಮ್ಮ, “ನನ್ನ ಕಿರಿ ಮಗಳು, ಅವಳದೇ ಹಾಡು” ಅಂತ ಹೇಳಿಕೊಂಡಿದ್ದಾಳೆ. ಇಂಥವಳ ಮುಂದೆ ಹೋಗಿ, ಅದು ಅವಳಲ್ಲಮ್ಮ, ಅವಳು ಹೇಳಿದ್ದು ‘ಬರಲ್ಲ’ ಅಂತ ಹೇಗೆ ಹೇಳಲಿ, ನೀನೇ ಹೇಳು.

ನೀನೇ ಬಂದುಬಿಡೇ. ಬಂದು ಕೂತರೆ ಸಾಕು.

ಅಕ್ಕ


೧೪ ನವೆಂಬರ್ ೧೯೮೯

ಅಕ್ಕ,

ಎಂಟು ತಿಂಗಳು! ಎಂಟು ತಿಂಗಳು ನನ್ನಿಂದ ಮುಚ್ಚಿಟ್ಟೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಅಂದರೆ ಈ ಕಾಗದ ಮೂರನೆಯದು, ಮೊದಲಿನ ಎರಡನ್ನೂ ಹರಿದು ಹಾಕಿದೆ.

ನಾನು ಈಗ ಬರುವುದಕ್ಕಾಗುವುದಿಲ್ಲ. ನನ್ನ ಮಾತು ಕೇಳಿದರೆ ನಿನಗೇ ಗುರುತು ಹತ್ತುವುದಿಲ್ಲ. ಗಂಟಲಲ್ಲಿ ಗಡ್ಡೆ ಬೆಳೆದಿದೆ. ಡಿಸೆಂಬರ್ ಹನ್ನೊಂದಕ್ಕೆ ಆಪರೇಷನ್. “ತಡ ಮಾಡಿದ್ರೆ ಉಸಿರಿಗೇ ಬರುತ್ತಮ್ಮ. ತೆಗೆದ ಮೇಲೆ ಹಾಡೋ ಆಸೆ ಬಿಟ್ಟುಬಿಡಿ” ಅಂದರು ಡಾಕ್ಟರು. ಎಷ್ಟು ಸಲೀಸಾಗಿ ಅಂದರು ಗೊತ್ತಾ? ಛತ್ರಿ ಬಿಟ್ಟು ಹೋಗಿ ಅಂದ ಹಾಗೆ.

ಕನ್ನಡಕದವರಿಗೆ ವಿಷಯ ಗೊತ್ತಾಯಿತು. “ಭಾನುವಾರ ಬೆಳಿಗ್ಗೆ ಸ್ಟುಡಿಯೋ ಖಾಲಿ ಇರುತ್ತೆ, ಬಂದು ಹಾಡಿಟ್ಟು ಹೋಗು” ಅಂದರು. ಮೂರು ಭಾನುವಾರ ಹೋದೆ. ನಾನು ಮಾಡಿದ ಹಾಡು ಅರವತ್ತಕ್ಕೂ ಮೇಲಿವೆ. ಗಂಟಲು ಒಪ್ಪಿದ್ದು ಒಂಬತ್ತಕ್ಕೆ. ಒಂಬತ್ತನೆಯದು ಅಮ್ಮನ ಹಾಡು. ‘ನಾ’ ಎಷ್ಟು ಸ್ಪಷ್ಟವಾಗಿ ಹಾಡಿದ್ದೇನೆ ಅಂದರೆ ಕಿವುಡರಿಗೂ ಕೇಳಿಸಬೇಕು. ದನಿ ಒಡೆದಿದೆ, ಅದು ನನಗೆ ಗೊತ್ತು. ಆದರೆ ನನ್ನದು.

ಈ ಕಾಗದದ ಜೊತೆ ಕ್ಯಾಸೆಟ್ಟು ಇಟ್ಟಿದ್ದೇನೆ. ಜೋಪಾನ, ಇರುವುದು ಇದೊಂದೇ. ಸ್ಟುಡಿಯೋದ ದೊಡ್ಡ ಟೇಪಿನ ಮೇಲೆ ಮಾರನೆಯ ದಿನವೇ ಸೋಪಿನ ಜಾಹೀರಾತು ಹಾಡಿಸಿದರಂತೆ, ಕನ್ನಡಕದವರು ಪಾಪ ತಲೆ ತಗ್ಗಿಸಿಕೊಂಡು ಹೇಳಿದರು.

ಅಮ್ಮನಿಗೆ ಕೇಳಿಸು. ಬಚ್ಚಲಲ್ಲಿ ಗುನುಗಿದರೂ “ಶ್ರುತಿ ಇಳೀತು ನೋಡು” ಅಂತ ಅಡುಗೆಮನೆಯಿಂದ ಕೂಗುತ್ತಿದ್ದವಳು ಅವಳು. ಬೈದದ್ದೂ ಅವಳೇ, ಕಿವಿ ಕೊಟ್ಟದ್ದೂ ಅವಳೇ. ನನ್ನ ದನಿ ಅವಳಿಗೆ ತಿಳಿಯದೇ ಇರುವುದಿಲ್ಲ. ಕೇಳಿ ಏನೆಂದಳು ಅಂತ ಒಂದಕ್ಷರ ಬಿಡದೆ ಬರಿ. ಬೈದರೆ ಬೈಗುಳವನ್ನೂ ಬರಿ.

ತುತ್ತೂರಿ


೨೫ ನವೆಂಬರ್ ೧೯೮೯

ತಂಗಿ,

ಕ್ಯಾಸೆಟ್ಟು ತಲುಪಿತು. ಅಮ್ಮನಿಗೆ ಕೇಳಿಸಿದೆ. ಪೂರ್ತಿ ಕೇಳಿದಳು. ತುಂಬ ಖುಷಿಪಟ್ಟಳು. ಚೆನ್ನಾಗಿ ಹಾಡಿದ್ದಾಳೆ ಅಂದಳು.

ಆಪರೇಷನ್ನಿಗೆ ಹೋಗುವಾಗ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು.

ಅಕ್ಕ


೩ ಡಿಸೆಂಬರ್ ೧೯೮೯

ಅಕ್ಕಾ, ನನ್ನ ಬಂಗಾರದ ಅಕ್ಕಾ,

ನಿನ್ನ ಕಾಗದವನ್ನು ಇಪ್ಪತ್ತು ಸಲ ಓದಿದೆ. ಹಾಸಿಗೆ ಹೊಲಿಯುವವನಿಗೂ ಓದಿ ಹೇಳಿದೆ. ಅವನು ಹತ್ತಿ ಹಿಂಜುವುದನ್ನು ನಿಲ್ಲಿಸಿ, “ನಿಮ್ಮಮ್ಮ ಅಂದ್ರಾ? ಚೆನ್ನಾಗಿದೆ ಅಂತ?” ಅಂದ. ಎಷ್ಟು ಚುಟುಕಾಗಿ ಬರೆದಿದ್ದೀಯೇ ಜಿಪುಣಿ! ‘ನಾ ಬಾರೆ’ಗೆ ಏನೆಂದಳು? ಸಿಟ್ಟು ಮಾಡಿಕೊಳ್ಳಲಿಲ್ಲವಾ? ಮಗಳ ಹಟ ಅರ್ಥವಾಯಿತು ಅಂತ ಕಾಣುತ್ತದೆ. ಅರ್ಥವಾಗಿಯೂ ಚೆನ್ನಾಗಿದೆ ಅಂದಳಲ್ಲ, ಅದಕ್ಕಿಂತ ಇನ್ನೇನು ಬೇಕು ನನಗೆ?

ಒಂದು ತೀರ್ಮಾನ ಮಾಡಿದ್ದೇನೆ. ಆಪರೇಷನ್ ಬೇಡ ಅಂತ ಹೇಳಿಬಂದೆ. ಇನ್ನು ಟ್ರ್ಯಾಕ್ ಹಾಡುವುದಿಲ್ಲ, ಕೋರಸ್ಸೂ ಇಲ್ಲ. ಉಳಿದ ಐವತ್ತು ಹಾಡುಗಳನ್ನು ಇದೇ ಒಡಕು ದನಿಯಲ್ಲಿ ಹಾಡಿಡುತ್ತೇನೆ. ಎಷ್ಟು ದಿನ ಉಸಿರು ಬರುತ್ತದೋ ಅಷ್ಟು ದಿನ. ಅಮ್ಮನ ಕಿವಿಯೇ ಒಪ್ಪಿದ ಮೇಲೆ ಡಾಕ್ಟರ ಮಾತು ಯಾರು ಕೇಳುತ್ತಾರೆ? ಬೇಡ ಅನ್ನಬೇಡ. ನಲವತ್ತೊಂದು ವರ್ಷದಲ್ಲಿ ನಾನು ಇಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ.

ನಿನ್ನ ತುತ್ತೂರಿ


೮ ಡಿಸೆಂಬರ್ ೧೯೮೯

ತಂಗಿ,

ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಸುಳ್ಳು ಬರೆದೆ ಕಣೇ. ಒಂದು ಸಾಲಿನ ಸುಳ್ಳಿನಿಂದ ಯಾರಿಗೇನು ನಷ್ಟ ಅಂದುಕೊಂಡೆ. ನೀನು ಅದರ ಮೇಲೆ ಜೀವವನ್ನೇ ಇಟ್ಟು ಕೂತಿದ್ದೀಯ.

ಒಂದಕ್ಷರ ಬಿಡದೆ ಬರಿ ಅಂದಿದ್ದೆಯಲ್ಲ, ಬರೆಯುತ್ತಿದ್ದೇನೆ. ನರ್ಸಿನ ಟೇಪಿನಲ್ಲಿ ಹಾಕಿದೆ. ಮೊದಲ ಹಾಡಿಗೆ, “ಯಾರಿದು?” ಅಂದಳು. “ಕೇಳಮ್ಮ” ಅಂದೆ. ಎಂಟು ಹಾಡೂ ಕೇಳಿದಳು, ಆಕಳಿಸಿದಳು. ಅವಳ ಹಾಡು ಶುರುವಾದಾಗ ಎದ್ದು ಕೂತಳು. ‘ಅಮ್ಮಾ ನಾ ಬಾರೆ’ ಬಂದದ್ದೇ ತಡ, ಮುಖ ಕೆಂಪಾಯಿತು. “ನಿಲ್ಸು ಅದನ್ನ. ನನ್ನ ಮಗಳ ಹಾಡು ಕದ್ದು ಯಾವಳೋ ಹಾಡ್ತಿದ್ದಾಳೆ. ದನಿ ನೋಡು, ಒಡಕು ಮಡಕೆ. ಮಾತನ್ನೂ ತಿರುಚಿದ್ದಾಳೆ. ಬಾರೇ ಅಂತ ಕರೆಯೋ ಹಾಡನ್ನ ಬರಲ್ಲ ಅಂತ ಮಾಡಿದ್ದಾಳೆ, ಹೊಟ್ಟೆಕಿಚ್ಚಿನೋಳು.”

ನಾನು ಅಂದೆ, “ಅಮ್ಮಾ, ಇವಳೇ ಕಣಮ್ಮ ನಿನ್ನ ಮಗಳು.” ನನ್ನ ಕೈ ಮೇಲೆ ಹೊಡೆದಳು. “ನನ್ನ ಮಗಳ ದನಿ ನಂಗೆ ಗೊತ್ತಿಲ್ವಾ? ಹೆತ್ತೋಳು ನಾನು.”

ಅಂದಿನಿಂದ ರೇಡಿಯೋದಲ್ಲಿ ಹಾಡು ಶುರುವಾದರೆ ಮೊದಲು, “ಯಾವಳು? ಅವಳಾ, ನಮ್ಮೋಳಾ?” ಅಂತ ಕೇಳುತ್ತಾಳೆ. ನಮ್ಮವಳೇ ಅಂದ ಮೇಲೆ ಮಲಗುತ್ತಾಳೆ. ಹಾಡು ಬರದ ದಿನ ಊಟ ಮಾಡುವುದಿಲ್ಲ. ಈಚೆಗೆ ವಾರಕ್ಕೊಂದು ಸಲವೂ ಬರುತ್ತಿಲ್ಲ.

ಇದನ್ನು ನಿನಗೆ ಬೇರೆ ಯಾರ ಕೈಯಲ್ಲಾದರೂ ಹೇಳಿಸಬಹುದಿತ್ತೇನೋ. ಬೇರೆ ಯಾರಿದ್ದಾರೆ ನಮಗೆ? ನಿನ್ನ ಕಾಲು ಹಿಡಿಯುತ್ತೇನೆ, ಆಪರೇಷನ್ ಮಾಡಿಸಿಕೋ. ಹಾಡು ಹೋದರೆ ಹೋಗಲಿ, ನೀನಿರು. ಆಮೇಲೆ ಇಲ್ಲಿಗೆ ಬಾ. ಅವಳು ಒಪ್ಪಲಿ ಬಿಡಲಿ, ನಾನಿದ್ದೇನೆ.

ಅಕ್ಕ


೨೦ ಜನವರಿ ೧೯೯೦

ಅಕ್ಕ,

ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದರು. ಕನ್ನಡಕದವರು ದಿನಾ ಬಂದು ಗಂಜಿ ಕುಡಿಸಿ ಹೋಗುತ್ತಿದ್ದರು. ಈಗ ಪಿಸುಮಾತಿನಷ್ಟು ಬರುತ್ತದೆ, ಅದೂ ಗಾಳಿಯೇ ಹೆಚ್ಚು. ಸ್ಟುಡಿಯೋದಲ್ಲಿ ಹೊಸ ಹುಡುಗಿಯರ ಹಾಡಿನ ಕಾಗದಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡುವ ಕೆಲಸ ಕೊಟ್ಟಿದ್ದಾರೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗುರುತು ಹಾಕಿಕೊಡುತ್ತೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಅಮ್ಮನ ಮೇಲೂ ಇಲ್ಲ. ಯೋಚಿಸಿ ನೋಡಿದೆ. ಆ ‘ನಾ’ ಇಷ್ಟು ಜನರಲ್ಲಿ ಕೇಳಿಸಿದ್ದು ಅವಳೊಬ್ಬಳಿಗೇ. ಅರ್ಥವಾದದ್ದೂ ಅವಳಿಗೇ. ಅದು ಅವಳಿಗೆ ಬೇಡವಾಯಿತು, ಅಷ್ಟೇ.

ಬಾ ಅಂತ ಬರೆದಿದ್ದೀಯ. ಬಂದು ಏನು ಮಾಡಲಿ? ಅವಳ ಕಣ್ಣಿಗೆ ನಾನು ಕಾಣುವುದಿಲ್ಲ. ನಿನ್ನ ಮಗಳು ಅಂತ ಪಿಸುಗುಟ್ಟಿದರೆ ರೇಡಿಯೋ ಕಡೆ ಕೈ ತೋರಿಸುತ್ತಾಳೆ. ಅವತ್ತು ಸಿಟ್ಟಿನಲ್ಲಿ ಬರಲ್ಲ ಅಂದೆ. ಈಗ ಸಿಟ್ಟಿಲ್ಲ, ಆದರೂ ಬರಲ್ಲ.

ಒಂದು ಕೆಲಸ ಮಾಡು. ಹಾಡಿಗಾಗಿ ಕಾದು ಅಮ್ಮ ಉಪವಾಸ ಬೀಳುವುದು ಬೇಡ. ಆ ಸಿನಿಮಾದ ಕ್ಯಾಸೆಟ್ಟು ಈಗ ಯಾವ ಅಂಗಡಿಯಲ್ಲೂ ಸಿಗುತ್ತಿಲ್ಲ, ವಿಚಾರಿಸಿ ನೋಡಿದೆ. ಕೇಳುಗರ ಕೋರಿಕೆ ಕಾರ್ಯಕ್ರಮಕ್ಕೆ ಅಮ್ಮನ ಹೆಸರಿನಲ್ಲಿ ಕಾರ್ಡು ಹಾಕಿದ್ದೆ. ಫೆಬ್ರವರಿ ನಾಲ್ಕರಂದು ಆ ಹಾಡು ಹಾಕುತ್ತೇವೆ ಅಂತ ಉತ್ತರ ಬಂದಿದೆ. ಅದನ್ನು ನನ್ನ ಕ್ಯಾಸೆಟ್ಟಿನ ಮೇಲೆ ತುಂಬಿಸಿಕೋ. ಹೊಸ ಖಾಲಿ ಕ್ಯಾಸೆಟ್ಟು ಕೊಳ್ಳಲು ಹೋಗಬೇಡ, ಇದು ಒಳ್ಳೆಯ ಟೇಪು, ಬೇಗ ಸವೆಯುವುದಿಲ್ಲ. ಯಾರೂ ಅಳಿಸಬಾರದು ಅಂತ ನಾನೇ ಅದರ ಮೇಲಂಚಿನ ಎರಡು ಚಿಕ್ಕ ಹಲ್ಲು ಮುರಿದಿದ್ದೇನೆ. ಅಲ್ಲಿ ಎರಡು ಗುಳಿ ಕಾಣುತ್ತವೆ. ಅವುಗಳ ಮೇಲೆ ಅಂಟುಕಾಗದ ಹಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ನರ್ಸಿನ ಪೆಟ್ಟಿಗೆಯಲ್ಲಿ ಕೆಂಪು ಗುಂಡಿ, ಅದರ ಪಕ್ಕದ್ದು, ಎರಡನ್ನೂ ಒಟ್ಟಿಗೆ ಒತ್ತಬೇಕು.

ಆದರೆ ಮೊದಲು ಅದರಲ್ಲಿರುವುದನ್ನೆಲ್ಲ ಒರೆಸಿಬಿಡು. ಇಲ್ಲದಿದ್ದರೆ ಅವರ ಹಾಡು ಮುಗಿದ ಕೂಡಲೇ ನನ್ನದು ಕೇಳಿಸುತ್ತದೆ, ಅಮ್ಮನಿಗೆ ಮತ್ತೆ ಕಿರಿಕಿರಿ. ಮಡಿಸಿದ ಹೊದಿಕೆ ಇಡುವ ಕೋಣೆಗೆ ತೆಗೆದುಕೊಂಡು ಹೋಗು. ಬಟ್ಟೆ ಇರುವ ಕಡೆ ಸದ್ದು ಇರುವುದಿಲ್ಲ. ಅಲ್ಲಿ ರೇಡಿಯೋ ಹಚ್ಚದೆ ಅವೇ ಎರಡು ಗುಂಡಿ ಒತ್ತಿಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಬಾ, ಬರೀ ನಿಶ್ಶಬ್ದ ತುಂಬಿಕೊಂಡು ನನ್ನದು ಅಳಿಯುತ್ತದೆ. ಒಂದು ಬದಿಗೆ ಮೂವತ್ತು ನಿಮಿಷ. ಒರೆಸುವ ಮುಂಚೆ ಇನ್ನೊಂದು ಸಲ ಕೇಳೋಣ ಅಂತ ಕೂರಬೇಡ, ನಿನ್ನನ್ನು ನಾನು ಬಲ್ಲೆ.

ಕಾರ್ಯಕ್ರಮ ಬೆಳಿಗ್ಗೆ ಒಂಬತ್ತೂವರೆಗೆ. ಅಷ್ಟರೊಳಗೆ ಎರಡೂ ಬದಿ ಖಾಲಿ ಮಾಡಿಟ್ಟುಕೊಂಡಿರು.

ನಿನ್ನ ತಂಗಿ